ಎಡೆದೊರೆ ನಾಡಿನಲ್ಲಿ ಆಶ್ರಯ: 1948ರಿಂದ ಸಿಂಧನೂರು ಕ್ಯಾಂಪುಗಳವರೆಗೆ

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣಾ ನದಿಯ ದಂಡೆಯಲ್ಲಿದೆ. 1948ರಲ್ಲಿ ಇಲ್ಲಿಂದ ಹೊಳೆ ದಾಟಿ ಉತ್ತರಕ್ಕೆ ಹೋದವರಿಗೂ ಸಿಗುತ್ತಿದ್ದುದು ನಿಜಾಮನ ಗುಲ್ಬರ್ಗಾ ಜಿಲ್ಲೆಯೇ. ನಿಜಾಮನ ಪರವಾದ ಸಶಸ್ತ್ರ ಪಡೆ ರಜಾಕಾರರ ಭಯಕ್ಕೆ ಊರು ಬಿಡುವವರು ದಕ್ಷಿಣಕ್ಕೆ ಮಾನ್ವಿ ಸೀಮೆ ಹಾದು ತುಂಗಭದ್ರೆ ದಾಟಬೇಕಿತ್ತು. ಆಚೆ ದಂಡೆಯ ಆದವಾನಿ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಲ್ಲವೇ ಪಶ್ಚಿಮಕ್ಕೆ ಲಿಂಗಸುಗೂರು, ಮುದಗಲ್ಲುಗಳನ್ನು ದಾಟಿ ಮುಂಬಯಿ ಪ್ರಾಂತದ ಇಳಕಲ್ಲು ಮುಟ್ಟಬೇಕಿತ್ತು. ಎರಡು ನದಿಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ಕೃಷ್ಣೆ ಬರೀ ಹೊಳೆಯಾಗಿತ್ತು, ತುಂಗಭದ್ರೆ ಗಡಿಯಾಗಿತ್ತು. ಆಶ್ರಯದ ಚರಿತ್ರೆ ಬರೆಯುವವರು ಈ ಭೂಗೋಳದಿಂದಲೇ ಹೊರಡಬೇಕು.

1947ರ ನವೆಂಬರ್ 29ರಂದು ಭಾರತದೊಡನೆ ಆದ ಯಥಾಸ್ಥಿತಿ ಒಪ್ಪಂದ ಹೈದರಾಬಾದಿಗೆ ಶಾಂತಿ ತರಲಿಲ್ಲ. ಕಾಸಿಂ ರಜ್ವಿಯ ರಜಾಕಾರರ ದಾಳಿಗಳು ಹೆಚ್ಚಿದಂತೆ ಗಡಿಯಾಚೆ ಶಿಬಿರಗಳು ಎದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. ಈ ಶಿಬಿರಗಳ ಬಗ್ಗೆ ನಮಗೆ ತಿಳಿದಿರುವುದೆಲ್ಲ ಬಹುಮಟ್ಟಿಗೆ ಹೋರಾಟಗಾರರ ಕಥೆ: ಬಂದೂಕು, ನಾಕೆಗಳ ಮೇಲಿನ ದಾಳಿ, ವಿಮೋಚನೆ. ಆ ಶೌರ್ಯಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಎತ್ತು, ಕಾಳುಕಡಿ, ಬಾಣಂತಿಯರನ್ನು ಕಟ್ಟಿಕೊಂಡು ಹೊರಟ ಮನೆಗಳನ್ನು ಆ ಬರವಣಿಗೆ ಒಂದೆರಡು ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಅಣೆಕಟ್ಟು ಇನ್ನೂ ಮುಗಿಯದಿದ್ದ 1948ರಲ್ಲಿ ಮಳೆಗಾಲದ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟುವುದು ಎಂಥ ಕೆಲಸವೆಂದು ಹೊಳೆದಂಡೆಯವರಿಗೆ ಹೇಳಬೇಕಿಲ್ಲ. ರಾಜಕೀಯ ಗಡಿ ಹಾಕುವ ಮೊದಲೂ ಆಮೇಲೂ ಹೆಣ್ಣು ಕೊಟ್ಟು ತರುವ ಸಂಬಂಧ ಎರಡೂ ದಂಡೆಗಳಿಗಿತ್ತು. ಆದ್ದರಿಂದ ಶಿಬಿರಗಳ ಜೊತೆಗೆ ಬೀಗರ ಮನೆಯ ಪಡಸಾಲೆಯನ್ನೂ ಆಶ್ರಯತಾಣವೆಂದೇ ಎಣಿಸಬೇಕು ಎಂಬುದು ನನ್ನ ವಾದ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 17ಕ್ಕೆ ನಿಜಾಮ ಶರಣಾದ. ಓಡಿದವರು ಮರಳುವ ಹೊತ್ತಿಗೆ ಓಡುವವರೇ ಬೇರೆಯಾದರು: ಈ ಸಲ ಮುಸ್ಲಿಮರು. ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸೇನೆ ಬಂದಾಗಲೂ ಆಮೇಲೂ ರಾಜ್ಯದಲ್ಲಿ ನಡೆದ ಸಾವುಗಳನ್ನು 27,000ದಿಂದ 40,000 ಎಂದು ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಹೆಚ್ಚು ನೊಂದದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದೇ ವರ್ಷದ ಈ ಎರಡು ವಲಸೆಗಳಲ್ಲಿ ಒಂದನ್ನಷ್ಟೇ ಸ್ಮರಿಸುವ ಚರಿತ್ರೆಯನ್ನು ನಾನು ಒಪ್ಪಲಾರೆ.

ಎರಡು ದಶಕ ಕಳೆಯುವಷ್ಟರಲ್ಲಿ ಎಡೆದೊರೆಯ ಇದೇ ರಾಯಚೂರು ಜಿಲ್ಲೆ ಆಶ್ರಯ ಕೊಡುವ ನೆಲವಾಯಿತು. 1964ರ ಜನವರಿಯಲ್ಲಿ ಪೂರ್ವ ಪಾಕಿಸ್ತಾನದ ಖುಲ್ನಾ, ಢಾಕಾಗಳಲ್ಲಿ ನಡೆದ ಗಲಭೆಗಳಿಂದ ಹಿಂದೂ ಕುಟುಂಬಗಳು ಭಾರತಕ್ಕೆ ಬಂದವು. ಪಶ್ಚಿಮ ಬಂಗಾಳಕ್ಕೆ ಹೊರೆ ಹೆಚ್ಚಿದಾಗ ಕೇಂದ್ರ ಸರ್ಕಾರ ಅವರನ್ನು ಬೇರೆ ರಾಜ್ಯಗಳಿಗೆ ಹಂಚಿತು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಕಂಡಿದ್ದ ಸಿಂಧನೂರು ತಾಲ್ಲೂಕಿನಲ್ಲಿ, ಜವಳಗೇರಾ ಸುತ್ತಿನಲ್ಲಿ, ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳು ಹುಟ್ಟಿದವು. ಬಂಗಾಳಿಗಳ ಜೊತೆ ಬರ್ಮಾದಿಂದ ಮರಳಿದ ಕುಟುಂಬಗಳಿಗೂ ಇಲ್ಲಿ ನೆಲೆ ಸಿಕ್ಕಿತು.

ಸಿಂಧನೂರಿನ ವ್ಯವಸ್ಥೆ 1948ಕ್ಕಿಂತ ಪೂರ್ತಿ ಬೇರೆ. ಇಲ್ಲಿ ಬೀಗರಿಲ್ಲ, ಭಾಷೆ ಗೊತ್ತಿಲ್ಲ. ಆದರೆ ಕುಟುಂಬವನ್ನು ಲೆಕ್ಕಕ್ಕೆ ಹಿಡಿದು ಹೊಲ ಕೊಟ್ಟ ಸರ್ಕಾರವಿತ್ತು. ಜೋಳ, ಹತ್ತಿಯ ಎರೆಭೂಮಿಯಲ್ಲಿ ಭತ್ತ ಆಗಲೇ ಕಾಲೂರಿತ್ತು. ಆಂಧ್ರದ ರೈತರು ಅಲ್ಲಲ್ಲಿ ಕ್ಯಾಂಪು ಕಟ್ಟಿಕೊಂಡಿದ್ದರು. ಗದ್ದೆ, ಮೀನು ಬಲ್ಲ ಬಂಗಾಳಿಗಳಿಗೆ ಕಾಲುವೆಯ ನೀರು ದೊಡ್ಡ ಆಸರೆ. ಮಕ್ಕಳು ಕನ್ನಡ ಕಲಿತರು. ಹೊಲ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಹಂಚಿಹೋಗಿ, ಹರೆಯದವರು ದುಡಿಮೆಗೆ ಬೆಂಗಳೂರಿನ ದಾರಿ ಹಿಡಿದರು.

ಸೂರು, ಹೊಲ ಸಿಕ್ಕರೂ ದಾಖಲೆಯ ಪ್ರಶ್ನೆ ಮುಗಿಯಲಿಲ್ಲ. ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾದ, ಈ ಕ್ಯಾಂಪುಗಳ ನಾಮಶೂದ್ರರು ಕರ್ನಾಟಕದಲ್ಲಿ ಅದೇ ಮಾನ್ಯತೆಗಾಗಿ ವರ್ಷಗಳಿಂದ ಕೇಳುತ್ತಿದ್ದಾರೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್ 11ರಂದು ಜಾರಿಗೆ ಬಂದ ಮೇಲೆ, ಅದೇ ವರ್ಷ ಈ ಕ್ಯಾಂಪುಗಳ ಕೆಲವರ ಕೈಗೆ ಪೌರತ್ವದ ಪ್ರಮಾಣಪತ್ರ ಬಂತು.