ಗಿಡುಗಗಳಿಗಾಗಿ ಕೊಂಡ ಬೆಟ್ಟ

ಗಿಡುಗ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿದ್ದ ಕಾಲವೊಂದಿತ್ತು. 1929ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 'ಗೋಸ್‌ಹಾಕ್' ಜಾತಿಯ ಗಿಡುಗವೊಂದಕ್ಕೆ 5 ಡಾಲರ್ ಗೊತ್ತುಮಾಡಿತ್ತು. ಹಕ್ಕಿಗಳು ವಲಸೆ ಹೋಗುವ ಹಾಕ್ ಮೌಂಟನ್ ಬೆಟ್ಟದ ಮೇಲೆ ಬಂದೂಕುಗಾರರು ನೆರೆಯುತ್ತಿದ್ದರು. ಜಾತಿ ನೋಡಿ ಗುಂಡು ಹಾರಿಸುವ ವ್ಯವಧಾನ ಯಾರಿಗಿತ್ತು!

ಕಾನೂನು ಬದಲಾಗಲೆಂದು ರೊಸಾಲಿ ಎಡ್ಜ್ ಎಂಬ ಮಹಿಳೆ ಕಾಯಲಿಲ್ಲ. 1934ರಲ್ಲಿ ಅಲ್ಲಿನ ಸುಮಾರು 1,400 ಎಕರೆಯನ್ನು ಗುತ್ತಿಗೆಗೆ ಪಡೆದು, ಬಳಿಕ ಕೊಂಡೇಬಿಟ್ಟರು. ಕಾವಲಿಗೆ ಮಾರಿಸ್ ಬ್ರೌನ್ ಬಂದರು. ಖಾಸಗಿ ಜಮೀನಾದ್ದರಿಂದ ಬೇಟೆಗಾರರು ಹಿಂದಿರುಗಬೇಕಾಯಿತು. ಪರಿಸರ ರಕ್ಷಣೆಗೆ ಒಡೆತನದ ಹಕ್ಕೇ ಸಾಕೆನ್ನುವವರಿಗೆ ಇದು ಅಚ್ಚುಮೆಚ್ಚಿನ ನಿದರ್ಶನ.

ಆದರೆ ಡಿಡಿಟಿಗೆ ಬೇಲಿಯ ಹಂಗಿಲ್ಲ. ಆ ಬೆಟ್ಟದ ಎಣಿಕೆಯಲ್ಲಿ ಎಳೆಯ ಹದ್ದುಗಳು ಕಡಿಮೆಯಾದುದನ್ನು ರೇಚಲ್ ಕಾರ್ಸನ್ 1962ರ 'ಸೈಲೆಂಟ್ ಸ್ಪ್ರಿಂಗ್' ಕೃತಿಯಲ್ಲಿ ಪುರಾವೆಯಾಗಿ ಮುಂದಿಟ್ಟರು. ಬೇಸಾಯದಲ್ಲಿ ಆ ವಿಷದ ಬಳಕೆಯನ್ನು 1972ರಲ್ಲಿ ನಿಷೇಧಿಸಿದ್ದು ಸರ್ಕಾರ.