ಬಿಸಿಲುಸೀಮೆಯ ಮನೆಗಳಿಗೆ ಮಣ್ಣು ತಡೆಯುವ ಗೋಡೆ: ಕಟ್ಟುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ರಾಯದುರ್ಗ, ಮಡಕಶಿರಾ, ಆದೋನಿ ಈ ಮೂರೂ ಬಂಡೆಗಲ್ಲಿನ ಬೆಟ್ಟಗಳ ಬುಡದಲ್ಲಿ ಬೆಳೆದ ಊರುಗಳು. ಜನಸಂಖ್ಯೆ ಹೆಚ್ಚಿದಂತೆ ಮನೆಗಳು ಬಯಲನ್ನು ಬಿಟ್ಟು ಇಳಿಜಾರನ್ನೇರುತ್ತವೆ. ಇಳಿಜಾರಿನಲ್ಲಿ ಮನೆ ಕಟ್ಟುವವರು ಮೊದಲು ನಿವೇಶನವನ್ನು ಮಟ್ಟ ಮಾಡಬೇಕು. ಅದಕ್ಕಾಗಿ ಒಂದು ಬದಿಯಲ್ಲಿ ಮಣ್ಣು ಕಡಿಯಬೇಕು, ಮತ್ತೊಂದು ಬದಿಯಲ್ಲಿ ತುಂಬಬೇಕು. ಕಡಿದ ದಿಬ್ಬ ಕುಸಿಯದಂತೆ, ತುಂಬಿದ ಮಣ್ಣು ಜಾರದಂತೆ ಹಿಡಿದು ನಿಲ್ಲಿಸುವ ಕಟ್ಟಡವೇ ತಡೆಗೋಡೆ. ಎಂಜಿನಿಯರುಗಳು ಇದನ್ನು ರಿಟೈನಿಂಗ್ ವಾಲ್ ಎನ್ನುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ಇದು ಹಲವೆಡೆ ರಿವಿಟ್‌ಮೆಂಟ್. ಹೆಸರು ಯಾವುದಾದರೂ, ಮನೆಯ ಕಟ್ಟಡಗಳಲ್ಲಿ ಅತ್ಯಂತ ಕಡಿಮೆ ಲೆಕ್ಕ ಹಾಕಿ, ಅತ್ಯಂತ ಹೆಚ್ಚು ಅಂದಾಜಿನಿಂದ ಕಟ್ಟುವ ಭಾಗ ಇದೇ.

ನಮ್ಮದು ಶಾಸ್ತ್ರೋಕ್ತ ಮರುಭೂಮಿಯಲ್ಲ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆಯಾದರೆ ಅನಂತಪುರ ಸೀಮೆಯಲ್ಲಿ ಸುಮಾರು 550 ಮಿಲಿಮೀಟರ್ ಆಗುತ್ತದೆ. ಭೂಗೋಳ ಪಂಡಿತರು ಇದನ್ನು ಅರೆಶುಷ್ಕ ಪ್ರದೇಶವೆಂದು ಕರೆಯುತ್ತಾರೆ. ಆದರೂ ಕಣೇಕಲ್, ಬೊಮ್ಮನಹಾಳ್ ಕಡೆ ಹಗರಿಯ ಮರಳು ಗಾಳಿಗೆ ಸರಿದು ಹೊಲಗಳ ಮೇಲೆ ದಿಣ್ಣೆಗಟ್ಟುವುದನ್ನು ಕಂಡವರಿಗೆ ಮರುಭೂಮಿ ದೂರದ ಮಾತೆನಿಸದು. ಗೋಡೆ ಕಟ್ಟುವವರ ದೃಷ್ಟಿಯಿಂದಲಂತೂ ಎರಡೂ ಸೀಮೆಗಳ ಕಷ್ಟಗಳು ಬಹುಮಟ್ಟಿಗೆ ಒಂದೇ: ಉರಿಬಿಸಿಲು, ಒಣಗಾಳಿ, ಉಪ್ಪುನೀರು, ಚೌಳು ಮಣ್ಣು, ಮತ್ತು ವರ್ಷವೆಲ್ಲ ಬಾರದೆ ಕೆಲವೇ ದಿನಗಳಲ್ಲಿ ಸುರಿದು ಹೋಗುವ ಮಳೆ.

ಈ ಕಡೆಯ ಮಾತೇ ಮುಖ್ಯವಾದುದು. “ಮಳೆಯೇ ಇಲ್ಲದ ನಾಡಿನಲ್ಲಿ ನೀರು ಹೋಗಲು ದಾರಿ ಏಕೆ” ಎಂಬ ಎಣಿಕೆಯಿಂದ ಇಲ್ಲಿ ಎಷ್ಟೋ ಗೋಡೆಗಳಿಗೆ ನೀರುಗಂಡಿಗಳನ್ನೇ ಬಿಡುವುದಿಲ್ಲ. ಆದರೆ 2009ರ ಅಕ್ಟೋಬರಿನಲ್ಲಿ ಕರ್ನೂಲು ಮತ್ತು ಮಂತ್ರಾಲಯಗಳನ್ನು ಮುಳುಗಿಸಿದ ನೆರೆಯೂ, 2022ರ ಅಕ್ಟೋಬರಿನಲ್ಲಿ ಅನಂತಪುರ ಪಟ್ಟಣದ ತಗ್ಗು ಬಡಾವಣೆಗಳಿಗೆ ನುಗ್ಗಿದ ನೀರೂ ಇದೇ ಬರದ ಸೀಮೆಯ ಅನುಭವಗಳೇ.

ಗೋಡೆ ಬಿದ್ದಾಗ ಸಾಯುವವರು ಸಾಮಾನ್ಯವಾಗಿ ಅದನ್ನು ಕಟ್ಟಿಸಿದವರಲ್ಲ, ಅದರ ಕೆಳಗೆ ವಾಸಿಸುವವರು. ನೀಲಗಿರಿಯ ತಪ್ಪಲಿನ ಮೆಟ್ಟುಪಾಳಯದ ಬಳಿಯ ನಡೂರಿನಲ್ಲಿ 2019ರ ಡಿಸೆಂಬರ್ 2ರ ನಸುಕಿನಲ್ಲಿ, ಮಳೆಗೆ ನೆನೆದ ಎತ್ತರದ ಕಲ್ಲಿನ ಆವರಣ ಗೋಡೆಯೊಂದು ಪಕ್ಕದ ಬಡವರ ಮನೆಗಳ ಮೇಲೆ ಉರುಳಿ, ಮಲಗಿದ್ದ 17 ಮಂದಿ ಸತ್ತರು. ಅಲ್ಲಿನ ಹವೆ ನಮ್ಮದಲ್ಲ. ಆದರೆ ಎತ್ತರದ ಗೋಡೆ, ಹಠಾತ್ ಮಳೆ, ಬುಡಕ್ಕಂಟಿದ ಮನೆಗಳು ಈ ಮೂರೂ ನಮ್ಮ ಬೆಟ್ಟದ ಬುಡದ ಕೇರಿಗಳಲ್ಲಿಯೂ ಇವೆ.

ಆವರಣ ಗೋಡೆ ತಡೆಗೋಡೆಯಲ್ಲ

ನಮ್ಮ ಕಡೆ ಅತಿ ಸಾಮಾನ್ಯವಾದ ತಪ್ಪೆಂದರೆ, ಮೊದಲು ಒಂಬತ್ತು ಅಂಗುಲದ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನ ಕಾಂಪೌಂಡ್ ಗೋಡೆ ಎಬ್ಬಿಸಿ, ಆಮೇಲೆ ಟ್ರಾಕ್ಟರುಗಳಲ್ಲಿ ಮಣ್ಣು ತರಿಸಿ ಅದರ ಒಳಬದಿಗೆ ತುಂಬುವುದು. ಹೊರಗಿನಿಂದ ನೋಡಿದರೆ ಎರಡೂ ಗೋಡೆಗಳೇ. ಲೆಕ್ಕ ಹಾಕಿದರೆ ಮಾತ್ರ ಅಂತರ ತಿಳಿಯುತ್ತದೆ.

ಒಣಗಿದ ಸಾಧಾರಣ ಗರಸು ಮಣ್ಣು ಘನಮೀಟರಿಗೆ ಸುಮಾರು 1,800 ಕಿಲೋ ತೂಗುತ್ತದೆ. ಅದು ತನ್ನ ತೂಕದ ಸರಿಸುಮಾರು ಮೂರನೆಯ ಒಂದು ಪಾಲಿನಷ್ಟು ಒತ್ತಡವನ್ನು ಪಕ್ಕಕ್ಕೆ ತಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ ನಿರೂಪಿಸಿದ ಈ ಲೆಕ್ಕವನ್ನೇ ಇಂದಿಗೂ ಪಾಠ ಹೇಳುತ್ತಾರೆ. ಇದರಂತೆ 1 ಮೀಟರ್ ಎತ್ತರದ ಮಣ್ಣು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 300 ಕಿಲೋ ಬಲದಿಂದ ತಳ್ಳುತ್ತದೆ. ಎತ್ತರ 2 ಮೀಟರ್ ಆದರೆ ತಳ್ಳುವ ಬಲ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗಿ 1,200 ಕಿಲೋ ಮುಟ್ಟುತ್ತದೆ. ಗೋಡೆಯನ್ನು ಬುಡದ ಮೇಲೆ ಮಗುಚುವ ಶಕ್ತಿಯಂತೂ ಎಂಟು ಪಟ್ಟು ಏರುತ್ತದೆ. “ಇನ್ನೊಂದು ಮೂರು ಅಡಿ ಏರಿಸಿಬಿಡಿ” ಎಂದು ಮೇಸ್ತ್ರಿಗೆ ಹೇಳುವ ಮನೆಯೊಡೆಯರು ಈ ಎಂಟು ಪಟ್ಟನ್ನು ನೆನಪಿಡಬೇಕು.

ಈಗ 2 ಮೀಟರ್ ಎತ್ತರದ ಒಂಬತ್ತಂಗುಲದ ಗೋಡೆಯನ್ನು ತೆಗೆದುಕೊಳ್ಳಿ. ಮೀಟರ್ ಉದ್ದಕ್ಕೆ ಅದರ ತೂಕ ಸುಮಾರು 900 ಕಿಲೋ. ತೀರ ತೆಳುವಾದುದರಿಂದ, ಮಗುಚದಂತೆ ತಡೆಯುವ ಅದರ ಶಕ್ತಿ ಮಣ್ಣಿನ ಮಗುಚುವ ಶಕ್ತಿಯ ಎಂಟರಲ್ಲಿ ಒಂದು ಪಾಲಷ್ಟೇ. ಅಂಥ ಗೋಡೆ ಕೆಲವು ವರ್ಷ ನಿಂತಿದ್ದರೆ, ಅದು ಗೋಡೆಯ ಬಲದಿಂದಲ್ಲ. ಒಣಗಿ ಗಟ್ಟಿಯಾದ ಮಣ್ಣು ತನ್ನನ್ನು ತಾನೇ ಹಿಡಿದುಕೊಂಡಿರುವುದರಿಂದ. ಆ ಹಿಡಿತ ಒಂದು ದೊಡ್ಡ ಮಳೆಯವರೆಗೆ ಮಾತ್ರ.

ಅದೇ ಎತ್ತರಕ್ಕೆ ಬುಡದಲ್ಲಿ 1.1 ಮೀಟರ್, ತಲೆಯಲ್ಲಿ ಅರ್ಧ ಮೀಟರ್ ದಪ್ಪವಿದ್ದು, ಹೊರಮೈ ಒಳಕ್ಕೆ ವಾಲಿದ ಕಾಡುಗಲ್ಲಿನ ಗೋಡೆ ಕಟ್ಟಿದರೆ ಮೀಟರಿಗೆ 3,800 ಕಿಲೋದಷ್ಟು ತೂಗುತ್ತದೆ. ಮಗುಚುವ ಶಕ್ತಿಗೆ ಮೂರು ಪಟ್ಟು ಮೀರಿ ಎದುರು ನಿಲ್ಲುತ್ತದೆ. ಕಲ್ಲಿನ ತಡೆಗೋಡೆಯ ಬುಡ ಅದರ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದೆಂಬ ಹಳೆಯ ಅಳತೆಗೆ ಆಧಾರ ಇದೇ.

ನೀರಿಗೆ ದಾರಿ

ಮೇಲಿನ ಲೆಕ್ಕವೆಲ್ಲ ಒಣಮಣ್ಣಿನದು. ಗೋಡೆಯ ಹಿಂದೆ ನೀರು ನಿಂತರೆ ಲೆಕ್ಕವೇ ಬೇರೆ. ಮಣ್ಣು ತನ್ನ ತೂಕದ ಮೂರನೆಯ ಒಂದು ಪಾಲನ್ನು ಮಾತ್ರ ಪಕ್ಕಕ್ಕೆ ತಳ್ಳಿದರೆ, ನೀರು ತನ್ನ ಪೂರ್ತಿ ಭಾರವನ್ನು ತಳ್ಳುತ್ತದೆ. 2 ಮೀಟರ್ ಎತ್ತರದವರೆಗೆ ನೀರು ತುಂಬಿದರೆ 1,200 ಕಿಲೋ ಇದ್ದ ಬಲ 2,500 ಕಿಲೋ ದಾಟುತ್ತದೆ. ಆಗ ನಾವು ಮೇಲೆ ಹೇಳಿದ ದಪ್ಪ ಕಲ್ಲಿನ ಗೋಡೆಯೂ ಉರುಳದೆ ಉಳಿದೀತು, ಆದರೆ ಬುಡಸಹಿತ ಮುಂದಕ್ಕೆ ಜಾರುತ್ತದೆ. ಆದುದರಿಂದ ಗೋಡೆಯ ದಪ್ಪಕ್ಕೆ ಖರ್ಚು ಮಾಡಿ ನೀರಿನ ದಾರಿಗೆ ಕೈ ಬಿಗಿ ಹಿಡಿಯುವುದು ತಲೆಕೆಳಗಾದ ಮಿತವ್ಯಯ.

ಗೋಡೆಯ ಬೆನ್ನಿಗೆ ಸುಮಾರು ಒಂದು ಅಡಿ ಅಗಲ ಜಲ್ಲಿಕಲ್ಲಿನ ಪದರ ಬುಡದಿಂದ ಮೇಲಿನವರೆಗೆ ಇರಬೇಕು. ಮಣ್ಣು ಜಲ್ಲಿಯೊಳಕ್ಕೆ ಇಳಿದು ಕಟ್ಟಿಕೊಳ್ಳದಂತೆ ನಡುವೆ ಸೋಸುಬಟ್ಟೆ ಹಾಸಬೇಕು. ಇದು ಅಂಗಡಿಗಳಲ್ಲಿ ಜಿಯೋಟೆಕ್ಸ್‌ಟೈಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಗೋಡೆಯಲ್ಲಿ 3ರಿಂದ 4 ಅಂಗುಲದ ಪಿವಿಸಿ ಕೊಳವೆಗಳನ್ನು ಹೊರಕ್ಕೆ ಇಳಿಜಾರಾಗಿ, ಒಂದರಿಂದ ಒಂದೂವರೆ ಮೀಟರಿಗೊಂದರಂತೆ, ಸಾಲಿನಿಂದ ಸಾಲಿಗೆ ಅಡ್ಡಹಾಯಿಸಿ ಕೂಡಿಸಬೇಕು. ತೀರ ಕೆಳಗಿನ ಸಾಲು ಹೊರಗಿನ ನೆಲಕ್ಕಿಂತ ಸ್ವಲ್ಪವೇ ಮೇಲಿರಬೇಕು. ಮೇಲ್ಭಾಗದಲ್ಲಿ ಅಂಗಳದ ನೀರು ಗೋಡೆಯತ್ತ ಬಾರದಂತೆ ಮೋರಿ ಬೇಕು. ಗೋಡೆಯ ಹೊರಮೈಗೆ ಕಡಪ ಕಲ್ಲೋ ಟೈಲ್ಸೋ ಅಂಟಿಸಿ ಗಂಡಿಗಳನ್ನು ಮುಚ್ಚುವ ಹೊಸ ಶೋಕಿ ಈ ಎಲ್ಲ ಶ್ರಮವನ್ನು ಒಂದೇ ದಿನದಲ್ಲಿ ಹಾಳುಗೆಡವುತ್ತದೆ.

ಒಣಸೀಮೆಯಲ್ಲಿ ಗೋಡೆಯನ್ನು ಕೆಡಿಸುವ ನೀರು ಯಾವಾಗಲೂ ಆಕಾಶದಿಂದಲೇ ಬರುವುದಿಲ್ಲ. ಬಚ್ಚಲ ನೀರು, ಇಂಗುಗುಂಡಿ, ಸೋರುವ ಸಂಪು, ದಿನವೂ ಹನಿಯುವ ನಲ್ಲಿ, ಗೋಡೆಯ ತಲೆಯ ಮೇಲಿನ ಹೂದೋಟ ಇವು ವರ್ಷವಿಡೀ ನಿಧಾನವಾಗಿ ಮಣ್ಣನ್ನು ನೆನೆಸುತ್ತವೆ. ಇಂಗುಗುಂಡಿಯನ್ನು ತಡೆಗೋಡೆಯ ಬೆನ್ನಿಗೆ ತೋಡಲೇಬಾರದು. ಬೇವು, ಅರಳಿ, ಆಲಗಳೂ ಗೋಡೆಯ ಹತ್ತಿರ ಬೇಡ. ಅವುಗಳ ಬೇರು ನೀರಿನ ವಾಸನೆ ಹಿಡಿದು ಸಂದುಗಳಲ್ಲಿ ನುಗ್ಗುತ್ತದೆ.

ಕಲ್ಲು ಮತ್ತು ಮಣ್ಣು

ಬೆಟ್ಟದ ಬುಡದ ಊರುಗಳಿಗೆ ಕಾಡುಗಲ್ಲಿಗಿಂತ ಒಳ್ಳೆಯ ಸಾಮಗ್ರಿಯಿಲ್ಲ. ಗಾರೆಯಿಲ್ಲದೆ ಒಣಗಲ್ಲಿನಿಂದ ಕಟ್ಟುವ ಪದ್ಧತಿಯನ್ನು ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ ನಮ್ಮವರು ಬಹುಕಾಲದಿಂದ ಬಲ್ಲರು. ಒಣಗಲ್ಲಿನ ಗೋಡೆಗೆ ನೀರುಗಂಡಿ ಬೇಕಿಲ್ಲ, ಮೈಯೆಲ್ಲ ಗಂಡಿಯೇ. ಬಿಸಿಲಿಗೆ ಹಿಗ್ಗಿದರೂ ಬಿರುಕು ಬಿಡುವ ಮಾತಿಲ್ಲ. ಅದಕ್ಕೆ ನೀರುಣಿಸುವ ಕಷ್ಟವೂ ಇಲ್ಲ. ಮನೆಯ ಅಂಗಳಕ್ಕೆ 1.5 ಮೀಟರ್ ಎತ್ತರದವರೆಗೆ ಅದು ಸಾಕು. ಆದರೆ ಕಲ್ಲನ್ನು ಮುಖಕ್ಕೆ ಮಾತ್ರ ಜೋಡಿಸಿ ಹೊಟ್ಟೆಗೆ ಚೂರುಕಲ್ಲು ಸುರಿಯುವ ಮೋಸದ ಕೆಲಸವಾಗಬಾರದು. ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದಗಲ್ಲುಗಳನ್ನು ಪ್ರತಿ ಒಂದೂವರೆ ಮೀಟರಿನೊಳಗೆ ಒಂದರಂತೆ ಇಡಿಸಬೇಕು. ಕಟ್ಟುವಾಗ ಮನೆಯವರೊಬ್ಬರು ನಿಂತು ನೋಡಬೇಕಾದ ಸಂಗತಿ ಇದೊಂದೇ. ಕಟ್ಟಿದ ಮೇಲೆ ಅದು ಕಾಣುವುದಿಲ್ಲ. ತಂತಿಯ ಪಂಜರದಲ್ಲಿ ಕಲ್ಲು ತುಂಬುವ ಗೇಬಿಯನ್ ಗೋಡೆಯೂ ಇದೇ ಗುಣದ್ದು; ಸತುಲೇಪಿತ ತಂತಿಯೇ ಆಗಬೇಕು.

ಆದೋನಿ, ಆಲೂರುಗಳ ಎರೆಭೂಮಿಯಲ್ಲಿ, ಹಾಗೆಯೇ ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆ, ಬೇರೆಯೇ ಎಚ್ಚರ ಬೇಕು. ಎರೆಮಣ್ಣು ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಉಬ್ಬುವಾಗ ಅದು ಗೋಡೆಯನ್ನು ತಳ್ಳುವ ಬಲ ಮೇಲಿನ ಯಾವ ಸರಳ ಲೆಕ್ಕಕ್ಕೂ ಸಿಗದು. ಅದನ್ನು ಗೋಡೆಯ ಹಿಂದೆ ತುಂಬಲೇಬಾರದು. ಗರಸು ಅಥವಾ ಮುರುಮ್ ತರಿಸಿಯೇ ತುಂಬಬೇಕು, ಅಡಿಪಾಯದ ಕೆಳಗೂ ಎರೆ ತೆಗೆದು ಗರಸು ಹಾಕಿ ದಮ್ಮಸ್ಸು ಮಾಡಬೇಕು. ಹಗರಿಯ ದಂಡೆಯ ಗಾಳಿಮರಳಿನ ದೋಷ ಇನ್ನೊಂದು ಬಗೆಯದು: ನೀರು ಬೇಗ ಬಸಿಯುತ್ತದೆ, ಆದರೆ ಸೋಸುಬಟ್ಟೆಯಿಲ್ಲದಿದ್ದರೆ ನೀರಿನೊಡನೆ ಮರಳೂ ಗಂಡಿಗಳಿಂದ ಹೊರಟುಹೋಗುತ್ತದೆ. ಅದು ತೀರ ನಯವಾದುದರಿಂದ ಕಾಂಕ್ರೀಟಿಗೂ ಸಲ್ಲದು.

ಚೌಳು ನೆಲದಲ್ಲಿ ಇಟ್ಟಿಗೆಯ ತಡೆಗೋಡೆ ಬೇಡ. ನೆಲದ ಉಪ್ಪು ನೀರಿನೊಡನೆ ಏರಿ ಹೊರಮೈಯಲ್ಲಿ ಒಣಗಿ ಹರಳುಗಟ್ಟಿದಾಗ ಇಟ್ಟಿಗೆ ಪುಡಿಪುಡಿಯಾಗಿ ಉದುರುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಬಳಸಬಾರದು. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಇದಕ್ಕೆ ಕ್ಲೋರೈಡಿನ ಮಿತಿಯನ್ನು ಲೀಟರಿಗೆ 500 ಮಿಲಿಗ್ರಾಂ ಎಂದು ಗೊತ್ತುಪಡಿಸಿದೆ. ಕಬ್ಬಿಣವಿಲ್ಲದ ಕಾಂಕ್ರೀಟಿಗೆ 2,000 ಮಿಲಿಗ್ರಾಂವರೆಗೆ ಅವಕಾಶವಿದೆ.

ಬಿಸಿಲಿನಲ್ಲಿ ಕಾಂಕ್ರೀಟು

ಎರಡು ಮೀಟರಿಗಿಂತ ಎತ್ತರ ಬೇಕಾದಲ್ಲಿ ಕಬ್ಬಿಣದ ಕಾಂಕ್ರೀಟ್ ಗೋಡೆಯೇ ಸರಿ, ಅದಕ್ಕೆ ಎಂಜಿನಿಯರಿಂದ ನಕ್ಷೆ ಬರೆಸಲೇಬೇಕು. ಹೊರಗಿನ ತಾಪಮಾನ 40 ಡಿಗ್ರಿ ಮೀರಿದಾಗಿನ ಕೆಲಸಕ್ಕೆ ಐಎಸ್ 7861 ಎಂಬ ಪ್ರತ್ಯೇಕ ಮಾನಕವೇ ಇದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ ಆ ಮಿತಿ ದಾಟುವುದು ಅಪರೂಪವಲ್ಲ. ನಸುಕಿನಲ್ಲಿ ಅಥವಾ ಹೊತ್ತು ಇಳಿದ ಮೇಲೆ ಕಾಂಕ್ರೀಟ್ ಹಾಕುವುದು, ಜಲ್ಲಿಯ ರಾಶಿಗೆ ನೆರಳು ಮಾಡಿ ನೀರು ಚಿಮುಕಿಸುವುದು, ನೀರಿನ ಡ್ರಮ್ಮುಗಳಿಗೆ ಒದ್ದೆ ಗೋಣಿ ಹೊದಿಸುವುದು, ಕಲ್ಲು ಇಟ್ಟಿಗೆಗಳನ್ನು ಕಟ್ಟುವ ಮುನ್ನ ನೆನೆಸುವುದು, ಇವು ಯಾರೂ ಮಾಡಬಹುದಾದ ಉಪಾಯಗಳು. ಕಲಸಿದ್ದು ಗಟ್ಟಿಯಾಗುತ್ತಿದೆಯೆಂದು ಮತ್ತೆ ನೀರು ಸುರಿಯುವುದು ಮಾತ್ರ ಕೂಡದು. ಆ ನೀರು ಆವಿಯಾಗಿ ಬಿಟ್ಟುಹೋದ ಜಾಗವೇ ಮುಂದಿನ ದೌರ್ಬಲ್ಯ.

ನೀರುಣಿಸುವ ಅವಧಿ ಬಿಸಿಲು ಒಣಹವೆಯಲ್ಲಿ 10 ದಿನಕ್ಕಿಂತ ಕಡಿಮೆಯಾಗಬಾರದು. ಈಗ ಹೆಚ್ಚಾಗಿ ಮಾರಾಟವಾಗುವ ಬೂದಿಮಿಶ್ರಿತ ಪಿಪಿಸಿ ಸಿಮೆಂಟಿಗೆ 14 ದಿನ ಲೇಸು. ಬೆಳಿಗ್ಗೆ ಸಂಜೆ ಪೈಪು ಹಿಡಿದರೆ ಸಾಲದು. ಒಣಗಾಳಿಗೆ ಗೋಡೆ ಗಂಟೆಯೊಳಗೆ ಒಣಗುತ್ತದೆ. ಗೋಣಿಚೀಲ ಹೊದಿಸಿ ಸದಾ ಒದ್ದೆಯಾಗಿಡಬೇಕು. ಟ್ಯಾಂಕರ್ ನೀರಿಗೆ ದುಡ್ಡು ತೆರುವ ಊರಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲವೆಂಬುದು ನಿಜ. ಅಂಥ ಕಡೆ ಒಣಗಲ್ಲಿನ ಗೋಡೆಯನ್ನೇ ಆರಿಸಿ, ಒಂದು ಎತ್ತರದ ಗೋಡೆಯ ಬದಲು ನಡುವೆ ಅಂತರ ಬಿಟ್ಟು ಎರಡು ಮೆಟ್ಟಿಲಾಗಿ ಕಟ್ಟುವುದು ವಿವೇಕ. ಮೇಲಿನ ಮೆಟ್ಟಿಲು ಕೆಳಗಿನದರ ಬೆನ್ನಿಗೆ ಅಂಟಿಕೊಂಡಿದ್ದರೆ ಎರಡೂ ಸೇರಿ ಒಂದೇ ಗೋಡೆಯೆನಿಸುತ್ತವೆ ಎಂಬುದನ್ನು ಮರೆಯಬಾರದು.

ಹತ್ತು ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಕಾವೇರಿದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟಷ್ಟು ಉದ್ದಕ್ಕೊಂದು ಸಂದು ಬಿಡದಿದ್ದರೆ ಗೋಡೆ ತನ್ನ ಸಂದನ್ನು ತಾನೇ ಬಿರುಕಾಗಿ ಮಾಡಿಕೊಳ್ಳುತ್ತದೆ. ಗೋಡೆ ಬಲಿಯುವವರೆಗೆ ಮಣ್ಣು ತುಂಬಲು ಆತುರಪಡಬಾರದು. ತುಂಬುವಾಗಲೂ ಆರರಿಂದ ಎಂಟು ಅಂಗುಲದ ಪದರಗಳಲ್ಲಿ ಕೈದಮ್ಮಸ್ಸು ಮಾಡಬೇಕು. ಜೆಸಿಬಿಯನ್ನು ಗೋಡೆಯ ಅಂಚಿಗೆ ಬಿಡಬಾರದು.

ನೆರೆಹೊರೆಯ ವ್ಯಾಜ್ಯ

ಗೋಡೆಯ ಖರ್ಚು ಯಾರದೆಂಬ ಜಗಳ ಇಳಿಜಾರಿನ ಕೇರಿಗಳಲ್ಲಿ ನಿತ್ಯದ್ದು. 1882ರ ಭಾರತೀಯ ಅನುಭೋಗದ ಹಕ್ಕುಗಳ ಕಾಯಿದೆ, ಅಂದರೆ ಈಸ್‌ಮೆಂಟ್ ಆಕ್ಟ್, 7ನೆಯ ಪ್ರಕರಣದಲ್ಲಿ, ಸಹಜಸ್ಥಿತಿಯಲ್ಲಿರುವ ಪ್ರತಿಯೊಬ್ಬರ ಭೂಮಿಗೂ ಪಕ್ಕದ ಭೂಮಿಯ ಸಹಜ ಆಸರೆ ದೊರೆಯುವುದು ಮಾಲೀಕರ ಹಕ್ಕೆಂದು ಹೇಳಿದೆ. ಹಾಗಾಗಿ ಕೆಳಗಿನ ನಿವೇಶನದವರು ಮಣ್ಣು ಕಡಿದು ಮೇಲಿನವರ ನೆಲ ಕುಸಿಯುವಂತೆ ಮಾಡಿದರೆ ಹೊಣೆ ಕಡಿದವರದು. ಮೇಲಿನವರು ಹೊಸದಾಗಿ ಮಣ್ಣು ತುಂಬಿ ಎತ್ತರಿಸಿದ್ದರೆ ಅದು ಸಹಜಸ್ಥಿತಿಯಲ್ಲ. ಆ ಮಣ್ಣನ್ನು ತಡೆದು ನಿಲ್ಲಿಸಲು ನೆರೆಯವರನ್ನು ಹೊಣೆ ಮಾಡಲು ಈ ಹಕ್ಕು ಬಾರದು. ಕೆಲಸಕ್ಕೆ ಮೊದಲು ನೆಲದ ಮೂಲ ಮಟ್ಟ ಕಾಣುವಂತೆ ದಿನಾಂಕ ಸಹಿತ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳುವುದು ಎರಡೂ ಕಡೆಯವರಿಗೆ ಹಿತ.

ಈಗಾಗಲೇ ಇರುವ ಗೋಡೆಗಳನ್ನು ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ ನೋಡಬೇಕು. ಗೋಡೆಯ ತಲೆಯಿಂದ ತೂಗುಗುಂಡು ಇಳಿಬಿಟ್ಟು ಅಂತರವನ್ನು ಅಳೆದು ಬರೆದಿಟ್ಟರೆ, ಮುಂದಿನ ವರ್ಷ ಅದು ವಾಲಿದೆಯೇ ಎಂಬುದು ಊಹೆಯಿಲ್ಲದೆ ತಿಳಿಯುತ್ತದೆ. ನಡುಹೊಟ್ಟೆ ಉಬ್ಬಿದ್ದರೆ, ಬೆನ್ನಿನ ನೆಲದಲ್ಲಿ ಗೋಡೆಗೆ ಸಮಾನಾಂತರವಾಗಿ ಬಿರುಕು ಕಂಡರೆ, ಮಳೆಯಾದರೂ ಗಂಡಿಗಳು ಒಣಗಿಯೇ ಇದ್ದರೆ ಅಪಾಯ ಸಮೀಪಿಸಿದೆ. ಕಬ್ಬಿಣದ ಸಲಾಕೆಯಿಂದ ಗಂಡಿಗಳನ್ನು ಬಿಡಿಸಬೇಕು, ಮೇಲಿನ ನೀರನ್ನು ಬೇರೆಡೆಗೆ ತಿರುಗಿಸಬೇಕು, ತಲೆಯ ಮೇಲಿನ ಮಣ್ಣನ್ನು ತೆಗೆದು ಭಾರ ಇಳಿಸಬೇಕು. ಮಳೆ ಹಿಡಿದಿದ್ದರೆ ಇದಾವುದಕ್ಕೂ ಕಾಯದೆ, ಗೋಡೆಯ ಬುಡದಿಂದ ಅದರ ಎತ್ತರದ ಎರಡು ಪಟ್ಟು ದೂರದೊಳಗೆ ಮಲಗುವವರನ್ನು ಆ ರಾತ್ರಿಯೇ ಬೇರೆಡೆಗೆ ಕಳಿಸಬೇಕು.