ಭಾಷಾಭ್ಯಾಸದಲ್ಲಿ ನಗೆಗತೆಗಳ ಸ್ಥಾನ

ಪರಭಾಷೆಯನ್ನು ಕಲಿಯುವವನಿಗೆ ಮೊದಲು ವ್ಯಾಕರಣವನ್ನೂ ಅನಂತರ ಪ್ರೌಢಕಾವ್ಯವನ್ನೂ ಬೋಧಿಸಬೇಕೆಂಬುದು ವಿದ್ವಾಂಸರಲ್ಲಿ ರೂಢವಾದ ಅಭಿಪ್ರಾಯ. ಸಣ್ಣ ನಗೆಗತೆಗಳನ್ನು ಬಾಲಕರ ವಿನೋದವೆಂದು ಬದಿಗಿರಿಸುವುದೂ ಉಂಟು. ಆದರೆ ಇತಿಹಾಸವು ಬೇರೊಂದು ಸಾಕ್ಷ್ಯವನ್ನು ನುಡಿಯುತ್ತದೆ.

1590ರಲ್ಲಿ ಯೇಸುಸಭೆಯ ವಾಲಿನ್ಯಾನೊ ಯುರೋಪಿನ ಮುದ್ರಣಯಂತ್ರವೊಂದನ್ನು ಗೋವೆಯ ಮಾರ್ಗವಾಗಿ ಜಪಾನಿಗೆ ಒಯ್ದನು. ಆ ಯಂತ್ರದಿಂದ ಅಮಕುಸದಲ್ಲಿ 1592ರಲ್ಲಿ 'ಹೆಯಿಕೆ' ಕಥನವೂ 1593ರಲ್ಲಿ ಈಸೋಪನ ಕಥೆಗಳೂ ಮುದ್ರಿತವಾದವು. ಎರಡೂ ಅಂದಿನ ಆಡುಮಾತಿನಲ್ಲಿ, ರೋಮನ್ ಲಿಪಿಯಲ್ಲಿ ಇದ್ದವು. ಪಾದ್ರಿಗಳಿಗೆ ಜಪಾನಿ ಭಾಷೆಯನ್ನು ಕಲಿಸುವುದು ಅವುಗಳ ಮುಖ್ಯೋದ್ದೇಶಗಳಲ್ಲಿ ಒಂದು. ಬುದ್ಧಿಗೇಡಿ ಕಾಗೆ, ಮೋಸಗಾರ ನರಿ ಇವೇ ಅಲ್ಲಿ ಉಪಾಧ್ಯಾಯರಾದವು. 'ಹೆಯಿಕೆ' ಎಂಬ ಹೆಸರನ್ನು ಆ ಮುದ್ರಣದಲ್ಲಿ 'ಫ'ಕಾರದಿಂದ ಬರೆದಿದೆ. ಆ ಕಾಲದ ಉಚ್ಚಾರಣೆಯನ್ನು ನಿರ್ಣಯಿಸಲು ಇಂದಿನ ಭಾಷಾಶಾಸ್ತ್ರಜ್ಞರು ಇಂತಹ ಬರವಣಿಗೆಯನ್ನೇ ಆಧಾರವಾಗಿ ಹಿಡಿಯುತ್ತಾರೆ. ಕಲಿಯುವವರಿಗಾಗಿ ಮಾಡಿದ ಪುಸ್ತಕವು ಹೀಗೆ ಇತಿಹಾಸದ ಆಕರವೂ ಆಯಿತು.

ದಕ್ಷಿಣ ಭಾರತದಲ್ಲಿಯೂ ಈ ಕ್ರಮವು ಅಪರಿಚಿತವಲ್ಲ. ಇಟಲಿಯ ಬೆಸ್ಕಿ (1680–1747) ತಮಿಳಿನಲ್ಲಿ ಪರಮಾರ್ಥ ಗುರುವಿನ ಕಥೆಯನ್ನು ರಚಿಸಿದನು. ಬ್ಯಾಬಿಂಗ್ಟನ್ ಅದನ್ನು ಇಂಗ್ಲಿಷ್ ಅನುವಾದದೊಡನೆ 1822ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದನು. ಹೊಳೆ ದಾಟಿದ ಶಿಷ್ಯರು ತಲೆ ಎಣಿಸುವಾಗ ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬನು ಮುಳುಗಿದನೆಂದು ಗೋಳಾಡುವ ಪ್ರಸಂಗವು ಕನ್ನಡಿಗರಿಗೂ ಚಿರಪರಿಚಿತ.

ನಗೆಗತೆಗೆ ಈ ಸಾಮರ್ಥ್ಯ ಬಂದುದು ಹೇಗೆ? ಕಥೆ ಚಿಕ್ಕದಾದುದರಿಂದ ಒಂದೇ ಓದಿನಲ್ಲಿ ಮುಗಿಯುತ್ತದೆ; ಸಂಭಾಷಣೆ ಹೆಚ್ಚಿರುವುದರಿಂದ ಆಡುಮಾತು ಕಿವಿಗೆ ಒಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಗೆಯೇ ಪರೀಕ್ಷೆ. ಅರ್ಥವಾಗದವನು ಪದ್ಯವನ್ನು ಕಂಠಪಾಠ ಮಾಡಿ ಒಪ್ಪಿಸಬಲ್ಲನು. ಅರ್ಥವಾಗದೆ ತಕ್ಕ ಜಾಗದಲ್ಲಿ ನಗಲಾರನು.

ಈ ವಿಚಾರವು ಕನಕಗಿರಿಯ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು 1948ರವರೆಗೆ ನಿಜಾಮನ ರಾಜ್ಯಕ್ಕೆ ಸೇರಿದ್ದು, ಅಲ್ಲಿ ಆಡಳಿತಕ್ಕೂ ಉಚ್ಚ ಶಿಕ್ಷಣಕ್ಕೂ ಉರ್ದುವೇ ಮಾಧ್ಯಮವಾಗಿತ್ತು. 1956ರಲ್ಲಿ ಈ ಪ್ರದೇಶ ಮೈಸೂರು ರಾಜ್ಯದಲ್ಲಿ ಸೇರಿತು. ದಫ್ತರದ ಉರ್ದು ಹಳೆಯ ಕಾಗದಪತ್ರಗಳಲ್ಲಿ ಉಳಿಯಿತು. ಆದರೆ 'ದವಾಖಾನಿ', 'ಮನಿ' ಎಂದು ಕಟ್ಟೆಯ ಮೇಲೆ ಕುಳಿತು ಆಡುವ ಇಲ್ಲಿಯ ಕನ್ನಡಕ್ಕೆ ದಫ್ತರವಿಲ್ಲ. ಆನೆಗೊಂದಿಯ ನೆರೆಯಲ್ಲಿ ತೆನಾಲಿ ರಾಮಕೃಷ್ಣನ ಕಥೆಯನ್ನು ಬರೆದುಕೊಳ್ಳುವ ವಿದ್ಯಾರ್ಥಿಯು 'ಮನಿ'ಯನ್ನು 'ಮನೆ' ಎಂದು ತಿದ್ದಿದೊಡನೆ ಸಾಕ್ಷ್ಯವು ಅಳಿಯುತ್ತದೆ.

ಆದುದರಿಂದ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಿರಿಯರ ಬಾಯಿಂದ ಬಂದ ನಗೆಗತೆಗಳನ್ನು ಬಂದಂತೆಯೇ, ಹೇಳಿದವರ ಊರು ಮತ್ತು ದಿನಾಂಕಗಳೊಡನೆ ದಾಖಲಿಸುವುದು ಅವಶ್ಯ. ಕನ್ನಡ ಕಲಿಯಬಂದ ಪರಸ್ಥಳದವನಿಗೆ ಅದು ಪಾಠಪುಸ್ತಕವಾದೀತು. ಮುಂದಿನ ಇತಿಹಾಸಕಾರನಿಗೆ ಶಾಸನದಷ್ಟೇ ಬೆಲೆಯುಳ್ಳ ಆಕರವಾದೀತು.